ಲೋಡ್ ಬಂದರೆ ಕೆಲಸ ಆಯಿತು ಎಂದಲ್ಲ: ವೆಬ್ ರಿಕ್ವೆಸ್ಟ್‌ನ ಫಲಿತಾಂಶವನ್ನು ಈವೆಂಟ್ ಲಿಸನರ್‌ಗಳಲ್ಲಿ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಬಟನ್ ಒತ್ತಿದ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಸರ್ವರ್ 500 (ತನ್ನ ಕಡೆ ದೋಷ) ಎಂದು ಹೇಳಿದ್ದರೂ ಪುಟದಲ್ಲಿ "ಅರ್ಜಿ ಸಲ್ಲಿಕೆಯಾಗಿದೆ" ಎಂಬ ಹಸಿರು ಪಟ್ಟಿ ಮೂಡುತ್ತದೆ. ಬಳಕೆದಾರರು ಒಮ್ಮೆ ಕಳಿಸಿದ ಅರ್ಜಿ ಡೇಟಾಬೇಸ್‌ನಲ್ಲಿ ಮೂರು ಸಾಲಾಗಿ ಕೂತಿರುತ್ತದೆ. ನೋಡಲು ಬೇರೆ ಬೇರೆ ದೋಷಗಳಾದರೂ ಇವುಗಳ ಬೇರು ಹೆಚ್ಚಿನ ಸಲ ಒಂದೇ: ಲೋಡ್ ಈವೆಂಟ್‌ಗೆ (ಉತ್ತರ ಬಂತು ಎಂಬ ಬ್ರೌಸರ್‌ನ ಸೂಚನೆ) ಮಾತ್ರ ಲಿಸನರ್ (ಆ ಸೂಚನೆ ಬಂದಾಗ ಓಡುವ ಫಂಕ್ಷನ್) ಹಾಕಿ, ಅದು ಬಂತೆಂದರೆ ಕೆಲಸ ಆಯಿತು ಎಂದು ನಂಬಿರುವುದು.

ಇಲ್ಲಿ ತೆಗೆದುಕೊಂಡಿರುವುದು ಬ್ರೌಸರ್‌ನ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್, ಅಂದರೆ ನಾವೆಲ್ಲ ಕರೆಯುವ ಎಕ್ಸ್‌ಎಚ್‌ಆರ್: ಪುಟ ಬದಲಿಸದೆ ಸರ್ವರ್‌ಗೆ ರಿಕ್ವೆಸ್ಟ್ ಕಳಿಸುವ ಸಾಧನ. ಇದೇ ಕೆಲಸದ ಹೊಸ ಸಾಧನ ಫೆಚ್ ಇರುವಾಗ ಇದೇಕೆ ಎಂದು ಕೇಳಬಹುದು. ಕಡತ ಕಳಿಸುವಾಗ ಎಷ್ಟು ಭಾಗ ಹೋಯಿತು ಎಂದು ಈವೆಂಟ್ ಮೂಲಕ ತಿಳಿಸುವುದು ಎಕ್ಸ್‌ಎಚ್‌ಆರ್ ಮಾತ್ರ, ಫೆಚ್‌ನಲ್ಲಿ ಅಂಥ ಈವೆಂಟ್ ಇಲ್ಲ. ಉದಾಹರಣೆಗೆ ಉದ್ದಕ್ಕೂ ಒಂದೇ ಪುಟವನ್ನು ಇಟ್ಟುಕೊಳ್ಳೋಣ: ಹೆಸರು ಮತ್ತು ಊರು ತುಂಬಿ, ಒಂದು ಪಿಡಿಎಫ್ ಲಗತ್ತಿಸಿ ಪೋಸ್ಟ್ (ಮಾಹಿತಿ ಕಳಿಸುವ ರಿಕ್ವೆಸ್ಟ್) ಮಾಡುವ ಅರ್ಜಿ ನಮೂನೆ. ಸರ್ವರ್ ಜೇಸನ್ ಎಂಬ ಪಠ್ಯ ರೂಪದಲ್ಲಿ ಅರ್ಜಿ ಸಂಖ್ಯೆ ಕೊಡುತ್ತದೆ.

## ಶುರುಮಾಡುವ ಮೊದಲು ಬೇಕಾದವು

ಬ್ರೌಸರ್‌ನ ಡೆವ್‌ಟೂಲ್ಸ್ ತೆರೆದು ನೆಟ್‌ವರ್ಕ್ ಮತ್ತು ಕನ್ಸೋಲ್ ಎರಡನ್ನೂ ಕಣ್ಣೆದುರಿಗೆ ಇಟ್ಟುಕೊಳ್ಳಿ. ನೆಟ್‌ವರ್ಕ್ ಪಟ್ಟಿಯಲ್ಲಿ ಪ್ರಿಸರ್ವ್ ಲಾಗ್ ಆಯ್ಕೆ ಹಾಕಿ, ಇಲ್ಲವಾದರೆ ಪುಟ ಬದಲಾದ ಕೂಡಲೇ ಸಾಕ್ಷಿ ಅಳಿಸಿಹೋಗುತ್ತದೆ.

ಎರಡನೆಯದು ಲೋಕಲ್ ಸರ್ವರ್. ಎಚ್‌ಟಿಎಂಎಲ್ ಕಡತವನ್ನು ಫೋಲ್ಡರ್‌ನಿಂದ ನೇರವಾಗಿ ತೆರೆದರೆ ಬ್ರೌಸರ್ ಅದರ ರಿಕ್ವೆಸ್ಟ್‌ಗಳನ್ನು ಬೇರೆ ಮೂಲದ್ದೆಂದು ಎಣಿಸಿ ತಡೆಯುತ್ತದೆ, ನೀವು ಇಲ್ಲದ ದೋಷ ಹುಡುಕುತ್ತಾ ಕೂರಬೇಕಾಗುತ್ತದೆ.

ಮೂರನೆಯದನ್ನು ಬಹಳ ಜನ ಮಾಡಿಕೊಳ್ಳುವುದಿಲ್ಲ, ಆದರೆ ಅರ್ಧ ಕೆಲಸ ಉಳಿಸುವುದು ಅದೇ. ಪರೀಕ್ಷೆಗೆಂದು ಸರ್ವರ್‌ನಲ್ಲಿ ನಾಲ್ಕು ವಿಳಾಸ ಮಾಡಿ: ಒಂದು 200 (ಸರಿಯಾಯಿತು) ಜೊತೆ ಸರಿಯಾದ ಜೇಸನ್ ಕೊಡಲಿ, ಒಂದು 500 ಕೊಡಲಿ, ಒಂದು 20 ಸೆಕೆಂಡ್ ಸುಮ್ಮನಿದ್ದು ಆಮೇಲೆ ಉತ್ತರಿಸಲಿ, ಇನ್ನೊಂದು 200 ಎಂದು ಹೇಳಿ ಜೇಸನ್ ಬದಲು ಎಚ್‌ಟಿಎಂಎಲ್ ಪುಟ ಕಳಿಸಲಿ.

## ಹಂತ 1: ನಾಲ್ಕು ಬಾಗಿಲು, ಒಂದು ಕೊನೆ

ಕಳಿಸಿದ ರಿಕ್ವೆಸ್ಟ್ ನಾಲ್ಕರಲ್ಲಿ ಒಂದೇ ಬಾಗಿಲಿಂದ ಹೊರಬರುತ್ತದೆ. ಲೋಡ್ ಎಂದರೆ ಸರ್ವರ್‌ನಿಂದ ಪೂರ್ತಿ ಉತ್ತರ ಬಂತು. ಎರರ್ ಎಂದರೆ ನಿಮ್ಮ ಕೋಡ್ ಓದಬಹುದಾದ ಉತ್ತರವೇ ಸಿಗಲಿಲ್ಲ. ಟೈಮ್‌ಔಟ್ ಎಂದರೆ ನೀವು ಹಾಕಿದ ಗಡುವು ಮುಗಿಯಿತು. ಅಬಾರ್ಟ್ ಎಂದರೆ ನಿಮ್ಮ ಕೋಡ್ ತಾನೇ ನಿಲ್ಲಿಸಿತು. ಯಾವುದೇ ಬಾಗಿಲಿರಲಿ, ಅದರ ಹಿಂದೆಯೇ ಲೋಡ್‌ಎಂಡ್ ಬರುತ್ತದೆ.

404, 422, 500ರಂಥ ದೋಷದ ಸ್ಟೇಟಸ್ ಸಂಖ್ಯೆಗಳೆಲ್ಲವೂ ಲೋಡ್ ಬಾಗಿಲಿಂದಲೇ ಬರುತ್ತವೆ. "ಆಗುವುದಿಲ್ಲ" ಎನ್ನುವುದೂ ಸರ್ವರ್ ಕೊಟ್ಟ ಉತ್ತರವೇ ತಾನೆ! ಎರರ್ ಲಿಸನರ್ ಒಳಗೆ 500 ಅನ್ನು ಕಾಯುತ್ತಾ ಕೂತವರು ಅದನ್ನು ಅಲ್ಲಿ ಎಂದೂ ನೋಡಲಾರರು.

ಹಳೆಯ ಕೋಡ್‌ನಲ್ಲಿ ರೆಡಿಸ್ಟೇಟ್‌ಚೇಂಜ್ ಕಾಣುತ್ತದೆ: ರೆಡಿಸ್ಟೇಟ್ 4 ಆದರೆ ಮುಗಿಯಿತು ಎಂಬ ಲೆಕ್ಕ. ನೆಟ್‌ವರ್ಕ್ ಬಿದ್ದಾಗಲೂ, ಗಡುವು ಮುಗಿದಾಗಲೂ ಅದು 4 ಆಗುತ್ತದೆ, ಸ್ಟೇಟಸ್ ಮಾತ್ರ 0 ಇರುತ್ತದೆ. ಯಾವ ಕಾರಣಕ್ಕೆ ಬಿತ್ತು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಹೊಸ ಕೋಡ್‌ನಲ್ಲಿ ಅದನ್ನು ಬಿಡಿ.

## ಹಂತ 2: ಕ್ರಮ ತಪ್ಪಬಾರದು

1. ಪ್ರತಿ ರಿಕ್ವೆಸ್ಟ್‌ಗೂ ಹೊಸ ಎಕ್ಸ್‌ಎಚ್‌ಆರ್ ಆಬ್ಜೆಕ್ಟ್ ಮಾಡಿ.
2. ಲೋಡ್‌ಸ್ಟಾರ್ಟ್, ಲೋಡ್, ಎರರ್, ಟೈಮ್‌ಔಟ್, ಅಬಾರ್ಟ್, ಲೋಡ್‌ಎಂಡ್ ಆರಕ್ಕೂ ಆಡ್‌ಈವೆಂಟ್‌ಲಿಸನರ್ ಮೂಲಕ ಲಿಸನರ್ ಹಾಕಿ.
3. ಅದೇ ಆಬ್ಜೆಕ್ಟ್‌ನ ಅಪ್‌ಲೋಡ್ ಭಾಗಕ್ಕೆ ಪ್ರೋಗ್ರೆಸ್ ಮತ್ತು ಲೋಡ್ ಲಿಸನರ್ ಹಾಕಿ.
4. ಓಪನ್ ಕರೆದು ವಿಧಾನ ಮತ್ತು ವಿಳಾಸ ಕೊಡಿ.
5. ಹೆಡರ್‌ಗಳು (ರಿಕ್ವೆಸ್ಟ್ ಜೊತೆ ಹೋಗುವ ವಿವರದ ಸಾಲುಗಳು), ರೆಸ್ಪಾನ್ಸ್‌ಟೈಪ್ (ಉತ್ತರ ಯಾವ ರೂಪದಲ್ಲಿ ಬೇಕು), ಗಡುವು ಹಾಕಿ.
6. ಕೊನೆಗೆ ಸೆಂಡ್.

ಅಪ್‌ಲೋಡ್ ಲಿಸನರ್‌ಗಳು ಸೆಂಡ್‌ಗಿಂತ ಮೊದಲೇ ಏಕೆ? ಸೆಂಡ್ ಕರೆದ ಆ ಕ್ಷಣದಲ್ಲಿ ಅಪ್‌ಲೋಡ್ ಭಾಗಕ್ಕೆ ಲಿಸನರ್ ಇದೆಯೇ ಎಂದು ಬ್ರೌಸರ್ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಆ ರಿಕ್ವೆಸ್ಟ್ ಮುಗಿಯುವವರೆಗೂ ಅಪ್‌ಲೋಡ್ ಈವೆಂಟ್‌ಗಳನ್ನು ಕಳಿಸುವುದೇ ಇಲ್ಲ. ಆಮೇಲೆ ಜೋಡಿಸಿದ ಲಿಸನರ್ ಸದ್ದಿಲ್ಲದೆ ಕೂತಿರುತ್ತದೆ, ಕನ್ಸೋಲ್‌ನಲ್ಲೂ ಏನೂ ಕಾಣುವುದಿಲ್ಲ. ಇನ್ನೊಂದು ಪರಿಣಾಮವೂ ಉಂಟು: ಬೇರೆ ಡೊಮೇನ್‌ಗೆ ಕಳಿಸುವಾಗ ಅಪ್‌ಲೋಡ್ ಲಿಸನರ್ ಇದ್ದರೆ ಬ್ರೌಸರ್ ಮೊದಲು ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ ಅನುಮತಿ ಕೇಳುತ್ತದೆ. ನಿನ್ನೆಯವರೆಗೆ ಸರಿಯಿದ್ದ ನಮೂನೆ ಪ್ರಗತಿ ಪಟ್ಟಿ ಸೇರಿಸಿದ ದಿನವೇ ಕೆಟ್ಟಿತು ಎಂದರೆ, ಸರ್ವರ್ ಆ ಆಪ್ಷನ್ಸ್‌ಗೆ ಉತ್ತರಿಸುತ್ತಿದೆಯೇ ನೋಡಿ.

ಈ ಹಂತದಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳು ಹಲವಿವೆ. ಈವೆಂಟ್ ಹೆಸರನ್ನು "ಆನ್‌ಲೋಡ್" ಎಂದು ಕೊಡುವುದು ಮೊದಲನೆಯದು. ಆಡ್‌ಈವೆಂಟ್‌ಲಿಸನರ್‌ಗೆ "ಆನ್" ಇಲ್ಲದ ಹೆಸರು ಬೇಕು, ಅದೂ ಪೂರ್ತಿ ಸಣ್ಣಕ್ಷರಗಳಲ್ಲಿ. ತಪ್ಪು ಹೆಸರು ಕೊಟ್ಟರೂ ಬ್ರೌಸರ್ ದೂರುವುದಿಲ್ಲ, ಲಿಸನರ್ ಎಂದೂ ಓಡುವುದಿಲ್ಲ ಅಷ್ಟೆ. ಫಂಕ್ಷನ್ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಿಬಿಡುವುದು ಎರಡನೆಯದು. ಹಾಗೆ ಮಾಡಿದರೆ ಫಂಕ್ಷನ್ ಆಗಲೇ ಓಡಿಬಿಡುತ್ತದೆ, ಅದು ಹಿಂತಿರುಗಿಸಿದ್ದು ಲಿಸನರ್ ಜಾಗಕ್ಕೆ ಹೋಗುತ್ತದೆ.

ಕಡತವಿರುವ ನಮೂನೆಯನ್ನು ಫಾರ್ಮ್‌ಡೇಟಾದಲ್ಲಿ (ಖಾನೆಗಳನ್ನೂ ಕಡತವನ್ನೂ ಒಟ್ಟಿಗೆ ಹಿಡಿಯುವ ಆಬ್ಜೆಕ್ಟ್) ಕಳಿಸುವಾಗ ಕಂಟೆಂಟ್‌ಟೈಪ್ ಹೆಡರ್ ಅನ್ನು ನೀವಾಗಿ ಹಾಕಬೇಡಿ. ಭಾಗಗಳನ್ನು ಬೇರ್ಪಡಿಸುವ ಬೌಂಡರಿ ಗುರುತನ್ನು ಬ್ರೌಸರ್ ತಾನೇ ಆ ಹೆಡರ್‌ಗೆ ಸೇರಿಸುತ್ತದೆ. ನೀವು ಕೈಯಿಂದ ಬರೆದದ್ದರಲ್ಲಿ ಅದು ಇರುವುದಿಲ್ಲ, ಸರ್ವರ್‌ಗೆ ಖಾಲಿ ನಮೂನೆ ಕಾಣುತ್ತದೆ. ಸಾದಾ ಆಬ್ಜೆಕ್ಟ್ ಒಂದನ್ನು ನೇರವಾಗಿ ಸೆಂಡ್‌ಗೆ ಕೊಟ್ಟರೂ ಕೆಲಸ ಕೆಡುತ್ತದೆ. ಅದನ್ನು ಮೊದಲು ಜೇಸನ್ ಪಠ್ಯವಾಗಿಸಬೇಕು.

ಕನ್ನಡದಲ್ಲಿ ಮಾಹಿತಿ ಕಳಿಸುವವರಿಗೆ ಒಂದು ವಿಶೇಷ ಎಚ್ಚರಿಕೆ. ಹೆಡರ್ ಬೆಲೆಯಲ್ಲಿ ಕನ್ನಡ ಅಕ್ಷರ ಹಾಕಿದರೆ ಸೆಟ್‌ರಿಕ್ವೆಸ್ಟ್‌ಹೆಡರ್ ಅಲ್ಲೇ ಟೈಪ್‌ಎರರ್ ಎಸೆಯುತ್ತದೆ. ಬಳಕೆದಾರರ ಹೆಸರನ್ನೋ ಕಡತದ ಹೆಸರನ್ನೋ ಹೆಡರ್‌ನಲ್ಲಿ ಕಳಿಸುವ ಕೋಡ್ ಇಂಗ್ಲಿಷ್ ಹೆಸರಿನಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿ ನಡೆಯುತ್ತದೆ, "ಗೌರಮ್ಮ" ಎಂದು ತುಂಬಿದ ದಿನ ಬೀಳುತ್ತದೆ. ಅಂಥವನ್ನು ಫಾರ್ಮ್‌ಡೇಟಾದಲ್ಲೇ ಕಳಿಸಿ. ವಿಳಾಸದೊಳಗೆ ಸೇರಿಸುವುದಾದರೆ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಮೂಲಕ ದಾಟಿಸಿ. "ಮೈಸೂರು" ಯುಟಿಎಫ್-8ರಲ್ಲಿ 18 ಬೈಟ್, ವಿಳಾಸದಲ್ಲಿ ಅದೇ 54 ಅಕ್ಷರವಾಗುತ್ತದೆ. ಉದ್ದದ ವಿವರಣೆಗಳನ್ನು ಗೆಟ್ (ಮಾಹಿತಿ ಕೇಳುವ ರಿಕ್ವೆಸ್ಟ್) ವಿಳಾಸಕ್ಕೆ ತುರುಕಬಾರದು ಎನ್ನುವುದು ಇದಕ್ಕೇ.

## ಹಂತ 3: ಲೋಡ್ ಒಳಗೆ ಕೇಳಬೇಕಾದ ಪ್ರಶ್ನೆಗಳು

ನಿಜವಾದ ಕೆಲಸ ಇಲ್ಲಿದೆ. ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಒಂದರಲ್ಲಿ ಸೋತರೂ "ಸಲ್ಲಿಕೆಯಾಗಿದೆ" ಎನ್ನಬೇಡಿ.

ಮೊದಲು, ಸ್ಟೇಟಸ್ 200ರಿಂದ 299ರ ಒಳಗಿದೆಯೇ? ಇಲ್ಲದಿದ್ದರೆ ಬೇರೆ ದಾರಿ: 401 ಬಂದರೆ ಮತ್ತೆ ಲಾಗಿನ್, 413 ಬಂದರೆ ಕಡತ ದೊಡ್ಡದಾಯಿತು ಎಂಬ ಮಾತು, 422 ಬಂದರೆ ಯಾವ ಖಾನೆ ತಪ್ಪಿದೆ ಎಂದು ತೋರಿಸುವುದು, 500ರ ಮೇಲಿನವಕ್ಕೆ "ನಮ್ಮ ಕಡೆ ತೊಂದರೆಯಾಗಿದೆ" ಎಂಬ ಪ್ರಾಮಾಣಿಕ ಸೂಚನೆ. ಎಲ್ಲಕ್ಕೂ "ಏನೋ ತಪ್ಪಾಗಿದೆ" ಎಂದು ಬರೆದರೆ, ತನ್ನ ಕೈಯಲ್ಲಿ ಸರಿಯಾಗುವಂಥ ತಪ್ಪನ್ನೂ ಬಳಕೆದಾರರು ಸರಿಮಾಡಲಾರರು.

ಎರಡನೆಯದು, ಉತ್ತರ ಖಾಲಿ ಇರಬೇಕಾದದ್ದೇ? 204ರಲ್ಲಿ ಒಡಲು (ಹೆಡರ್‌ಗಳ ನಂತರ ಬರುವ ಮಾಹಿತಿ) ಇರುವುದೇ ಇಲ್ಲ. ಅದನ್ನು ಜೇಸನ್ ಎಂದು ಓದಲು ಹೋಗಬೇಡಿ.

ಮೂರನೆಯದು, ಉತ್ತರ ನೀವು ಕೇಳಿದ ವಿಳಾಸದಿಂದಲೇ ಬಂತೇ? ಲಾಗಿನ್ ಅವಧಿ ಮುಗಿದಿದ್ದರೆ ಅನೇಕ ಸರ್ವರ್‌ಗಳು ಲಾಗಿನ್ ಪುಟಕ್ಕೆ ದಾರಿ ತಿರುಗಿಸುತ್ತವೆ. ಎಕ್ಸ್‌ಎಚ್‌ಆರ್ ನಿಮ್ಮನ್ನು ಕೇಳದೆ ಆ ದಾರಿ ಹಿಡಿದು ಹೋಗಿ ಲಾಗಿನ್ ಪುಟದ ಎಚ್‌ಟಿಎಂಎಲ್ ಅನ್ನು 200 ಸ್ಟೇಟಸ್‌ನೊಂದಿಗೆ ತಂದು ಒಪ್ಪಿಸುತ್ತದೆ. ರೆಸ್ಪಾನ್ಸ್‌ಯುಆರ್‌ಎಲ್ ಗುಣದಲ್ಲಿ ಕೊನೆಗೆ ತಲುಪಿದ ವಿಳಾಸ ಇರುತ್ತದೆ, ಅದನ್ನು ಹೋಲಿಸಿ. ಕಂಟೆಂಟ್‌ಟೈಪ್ ಹೆಡರ್ ಜೇಸನ್ ಎನ್ನುತ್ತಿದೆಯೇ ಎಂಬುದನ್ನೂ ನೋಡಿ.

ನಾಲ್ಕನೆಯದು, ಜೇಸನ್ ಓದಲು ಬರುತ್ತದೆಯೇ? ರೆಸ್ಪಾನ್ಸ್‌ಟೈಪ್ ಜೇಸನ್ ಎಂದು ಹಾಕಿದಾಗ ಕೆಟ್ಟ ಜೇಸನ್ ಬಂದರೆ ದೋಷ ಎಸೆಯುವುದಿಲ್ಲ, ರೆಸ್ಪಾನ್ಸ್ ಸುಮ್ಮನೆ ನಲ್ ಆಗಿರುತ್ತದೆ. ಆ ಸ್ಥಿತಿಯಲ್ಲಿ ಬಂದದ್ದೇನು ಎಂದು ನೋಡಲು ರೆಸ್ಪಾನ್ಸ್‌ಟೆಕ್ಸ್ಟ್ ಮುಟ್ಟಿದರೆ ಇನ್‌ವ್ಯಾಲಿಡ್‌ಸ್ಟೇಟ್‌ಎರರ್ ಬೀಳುತ್ತದೆ. ಹೀಗಾಗಿ ಇಲ್ಲಿ ನಮ್ಮ ಸಲಹೆ, ಉತ್ತರವನ್ನು ಪಠ್ಯವಾಗಿಯೇ ತೆಗೆದುಕೊಂಡು ಟ್ರೈ ಮತ್ತು ಕ್ಯಾಚ್ ನಡುವೆ ಪಾರ್ಸ್ ಮಾಡಿ. ಸೋತರೆ ಮೊದಲ 200 ಅಕ್ಷರಗಳನ್ನು ಲಾಗ್‌ಗೆ ಬರೆಯಿರಿ. ಜೇಸನ್‌ನ ಮುಂದೆ ಅಂಟಿಕೊಂಡ ಪಿಎಚ್‌ಪಿ ವಾರ್ನಿಂಗ್ ಸಾಲು ಆ 200 ಅಕ್ಷರಗಳಲ್ಲೇ ಸಿಕ್ಕಿಬೀಳುತ್ತದೆ.

ಕೊನೆಯದು, ಒಳಗಿನ ಮಾತೇನು? 200 ಕೊಟ್ಟು, ಜೇಸನ್‌ನ ಒಳಗೆ ಮಾತ್ರ "ವಿಫಲ" ಎಂದು ಬರೆಯುವ ಸರ್ವರ್‌ಗಳಿವೆ. ನಮ್ಮ ಉದಾಹರಣೆಯಲ್ಲಿ ಅರ್ಜಿ ಸಂಖ್ಯೆ ಕೈಗೆ ಸಿಕ್ಕಿದರೆ ಮಾತ್ರ ಹಸಿರು ಪಟ್ಟಿ.

## ಹಂತ 4: ಎರರ್ ಬಂದಾಗ

ಎರರ್ ಈವೆಂಟ್ ಕಾರಣವನ್ನು ಹೇಳುವುದಿಲ್ಲ. ಅದರಲ್ಲಿ ಮೆಸೇಜ್ ಎಂಬ ಗುಣವೇ ಇಲ್ಲ, ಸ್ಟೇಟಸ್ 0. ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿಗೆ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ವಿಳಾಸ ಸಿಗದಿರುವುದು, ಸಂಪರ್ಕ ಕಡಿದದ್ದು, ಎಚ್‌ಟಿಟಿಪಿಎಸ್ ಪುಟದಿಂದ ಎಚ್‌ಟಿಟಿಪಿ ವಿಳಾಸಕ್ಕೆ ಕೇಳಿದ್ದು, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಅಡ್ಡ ಬಂದದ್ದು, ಬೇರೆ ಡೊಮೇನ್‌ನ ಅನುಮತಿ ಹೆಡರ್ ಇಲ್ಲದ್ದು, ಎಲ್ಲವೂ ಕೋಡ್‌ಗೆ ಒಂದೇ ಥರ ಕಾಣುತ್ತವೆ. ಇದು ಭದ್ರತೆಗಾಗಿ ಬೇಕೆಂದೇ ಮಾಡಿದ್ದು. ವ್ಯತ್ಯಾಸ ಕಾಣುವುದು ಡೆವ್‌ಟೂಲ್ಸ್‌ನಲ್ಲಿ ಮಾತ್ರ.

ಇದರಲ್ಲಿ ಜನರನ್ನು ಹೆಚ್ಚು ದಾರಿ ತಪ್ಪಿಸುವ ಒಂದು ಸಂಗತಿ ಇದೆ. ನೆಟ್‌ವರ್ಕ್ ಪಟ್ಟಿಯಲ್ಲಿ 500 ಅಂತ ಸ್ಪಷ್ಟವಾಗಿ ಕಾಣುತ್ತದೆ, ಕೋಡ್‌ನಲ್ಲಿ ಮಾತ್ರ ಎರರ್ ಈವೆಂಟ್ ಬಂದು ಸ್ಟೇಟಸ್ 0 ಎನ್ನುತ್ತದೆ. ಸರ್ವರ್ ಸರಿ ಹೋದಾಗ ಮಾತ್ರ ಸಿಒಆರ್‌ಎಸ್ ಹೆಡರ್ (ಮೇಲೆ ಹೇಳಿದ ಬೇರೆ ಡೊಮೇನ್‌ನ ಅನುಮತಿ ಹೆಡರ್) ಸೇರಿಸಿ, ದೋಷದ ಪುಟಕ್ಕೆ ಸೇರಿಸದಿದ್ದರೆ ಹೀಗಾಗುತ್ತದೆ. ಜಾವಾಸ್ಕ್ರಿಪ್ಟ್ ಕಡೆಯಿಂದ ಇದಕ್ಕೆ ಮದ್ದಿಲ್ಲ. ದೋಷದ ಉತ್ತರಗಳಿಗೂ ಆ ಹೆಡರ್ ಹೋಗುವಂತೆ ಸರ್ವರ್‌ನಲ್ಲೇ ಸರಿಮಾಡಬೇಕು.

ಕಡತ ಕಳಿಸುವ ಪುಟದಲ್ಲಿ ಎರರ್ ಬಂದರೆ ಗಾತ್ರವನ್ನೂ ಅನುಮಾನಿಸಿ. ಎಂಜಿನ್‌ಎಕ್ಸ್ ಸರ್ವರ್ ಮೊದಲ ಸ್ಥಿತಿಯಲ್ಲಿ ಸ್ವೀಕರಿಸುವ ಒಡಲಿನ ಮಿತಿ 1 ಎಂಬಿ. ಅದಕ್ಕಿಂತ ದೊಡ್ಡದು ಬಂದರೆ 413 ಹೇಳಿ ಸಂಪರ್ಕ ಮುಚ್ಚುತ್ತದೆ. ಬ್ರೌಸರ್ ಇನ್ನೂ ಕಳಿಸುತ್ತಲೇ ಇರುವಾಗ ಹೀಗಾದರೆ ಲೋಡ್ ಬದಲು ಎರರ್ ಬರಬಹುದು. ಪಿಎಚ್‌ಪಿಯಲ್ಲಿ ಕಡತದ ಮೂಲ ಮಿತಿ 2 ಎಂಬಿ, ಇಡೀ ಪೋಸ್ಟ್‌ನದು 8 ಎಂಬಿ. ಈ ಎರಡನೆಯದನ್ನು ಮೀರಿದರೆ ನಮೂನೆಯ ಎಲ್ಲ ಖಾನೆಗಳೂ ಖಾಲಿಯಾಗಿ ತಲುಪುತ್ತವೆ, "ಹೆಸರು ತುಂಬಿಲ್ಲ" ಎಂಬ ವಿಚಿತ್ರ ದೂರು ಬರುತ್ತದೆ. ಕಳಿಸುವ ಮೊದಲೇ ಕಡತದ ಗಾತ್ರ ನೋಡಿ ಬಳಕೆದಾರರಿಗೆ ಹೇಳಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು.

## ಹಂತ 5: ಗಡುವು

ಟೈಮ್‌ಔಟ್ ಗುಣದ ಮೂಲ ಬೆಲೆ 0, ಅಂದರೆ ನಿಮ್ಮ ಕಡೆಯಿಂದ ಗಡುವೇ ಇಲ್ಲ. ಲಿಸನರ್ ಹಾಕಿ ಬೆಲೆ ಹಾಕದಿದ್ದರೆ ಆ ಲಿಸನರ್ ಎಂದೂ ಓಡದು. ಬೆಲೆ ಮಿಲಿಸೆಕೆಂಡ್‌ಗಳಲ್ಲಿ: 10 ಸೆಕೆಂಡ್‌ಗೆ 10000. 10 ಎಂದು ಬರೆದರೆ ಬಹುಪಾಲು ರಿಕ್ವೆಸ್ಟ್‌ಗಳು ಹೊಸ್ತಿಲಲ್ಲೇ ಸಾಯುತ್ತವೆ.

ಪಟ್ಟಿ ತರುವಂಥ ಚಿಕ್ಕ ಗೆಟ್‌ಗಳಿಗೆ 10ರಿಂದ 15 ಸೆಕೆಂಡ್ ಸಾಕು. ಕಡತಕ್ಕೆ ಈ ಲೆಕ್ಕ ನಡೆಯದು, ಏಕೆಂದರೆ ಗಡುವು ಸೆಂಡ್‌ನಿಂದ ಹಿಡಿದು ಉತ್ತರ ಪೂರ್ತಿ ಬರುವವರೆಗಿನ ಸಮಯವನ್ನೆಲ್ಲ ಎಣಿಸುತ್ತದೆ. 5 ಎಂಬಿ ಪಿಡಿಎಫ್ ಎಂದರೆ 40 ಮೆಗಾಬಿಟ್. ಸೆಕೆಂಡ್‌ಗೆ 1 ಮೆಗಾಬಿಟ್ ಮೇಲಕ್ಕೆ ಹೋಗುವ ಸಂಪರ್ಕದಲ್ಲಿ ಅದಕ್ಕೆ 40 ಸೆಕೆಂಡ್ ಬೇಕು. 10 ಸೆಕೆಂಡ್ ಗಡುವು ಹಾಕಿದರೆ ಚೆನ್ನಾಗಿ ಸಾಗುತ್ತಿರುವ ಅಪ್‌ಲೋಡನ್ನು ನೀವೇ ಕೊಂದಂತೆ, ಅದೂ ಸಂಪರ್ಕ ನಿಧಾನವಿರುವ ಊರಿನವರದ್ದೇ.

ಕಡತಗಳಿಗೆ ಗಡುವನ್ನು 0 ಇಟ್ಟು, ನಿಂತುಹೋಯಿತೇ ಎಂದು ಕಾಯುವ ಟೈಮರ್ ಮಾಡಿ. ಪ್ರತಿ ಅಪ್‌ಲೋಡ್ ಪ್ರೋಗ್ರೆಸ್ ಬಂದಾಗ ಟೈಮರನ್ನು ಮೊದಲಿಂದ ಶುರುಮಾಡಿ. 30 ಸೆಕೆಂಡ್ ಏನೂ ಅಲುಗಾಡದಿದ್ದರೆ ಅಬಾರ್ಟ್ ಕರೆಯಿರಿ. ಆಗ ಬರುವುದು ಟೈಮ್‌ಔಟ್ ಅಲ್ಲ, ಅಬಾರ್ಟ್ ಈವೆಂಟ್. ಆದ್ದರಿಂದ ಕರೆಯುವ ಮೊದಲು ಕಾರಣವನ್ನು ಒಂದು ವೇರಿಯಬಲ್‌ನಲ್ಲಿ ಬರೆದಿಡಿ: ಬಳಕೆದಾರರು ರದ್ದು ಮಾಡಿದರೇ, ಸಂಪರ್ಕ ನಿಂತಿತೇ, ಹೊಸ ಹುಡುಕಾಟ ಹಳೆಯದನ್ನು ತಳ್ಳಿತೇ. ಅಬಾರ್ಟ್ ಲಿಸನರ್ ಅದನ್ನು ನೋಡಿ ಮಾತಾಡಲಿ.

ಕಡತ ಪೂರ್ತಿ ಹೋದ ಮೇಲೆ ಸರ್ವರ್ ಕೆಲಸ ಮಾಡುವ ಸಮಯಕ್ಕೆ ಬೇರೆ ಅಳತೆ ಬೇಕು. ತನ್ನ ಬೆನ್ನಿಗೆ ನಿಂತು ಅರ್ಜಿ ಸಂಸ್ಕರಿಸುವ ಸರ್ವರ್‌ಗಾಗಿ ಎಂಜಿನ್‌ಎಕ್ಸ್ ಕಾಯುವ ಮೂಲ ಮಿತಿ 60 ಸೆಕೆಂಡ್, ಆಮೇಲೆ 504 (ವೇಳೆಗೆ ಉತ್ತರ ಬರಲಿಲ್ಲ) ಕೊಡುತ್ತದೆ. ನಿಮ್ಮ ಟೈಮರನ್ನು ಆ ಹೊತ್ತಿನಲ್ಲಿ 70 ಸೆಕೆಂಡ್‌ಗೆ ಏರಿಸಿ. ಊಹೆಗಿಂತ ಸರ್ವರ್ ಹೇಳಿದ 504 ಮೇಲು.

## ಹಂತ 6: ಪ್ರಗತಿ ಪಟ್ಟಿ

ಪ್ರೋಗ್ರೆಸ್ ಈವೆಂಟ್‌ನ ಲೆಂತ್‌ಕಂಪ್ಯೂಟಬಲ್ ಗುಣ (ಒಟ್ಟು ಗಾತ್ರ ಗೊತ್ತಿದೆಯೇ) ನಿಜವಿದ್ದರೆ ಮಾತ್ರ ಲೋಡೆಡ್ (ಈವರೆಗಿನ ಬೈಟ್) ಅನ್ನು ಟೋಟಲ್‌ನಿಂದ (ಒಟ್ಟು ಬೈಟ್) ಭಾಗಿಸಿ. ಕೆಳಗಿಳಿಸುವಾಗ ಉತ್ತರವನ್ನು ಜಿಝಿಪ್ ವಿಧಾನದಲ್ಲಿ ಕುಗ್ಗಿಸಿದ್ದರೆ ಟೋಟಲ್ ಹೆಚ್ಚಾಗಿ 0, ಭಾಗಿಸಿದರೆ ಪಟ್ಟಿಯ ಮೇಲೆ "ಇನ್ಫಿನಿಟಿ" ಎಂದು ಮೂಡುತ್ತದೆ. ಮೇಲಕ್ಕೆ ಕಳಿಸುವಾಗ ಟೋಟಲ್ ಕಡತದ ಗಾತ್ರಕ್ಕಿಂತ ತುಸು ಹೆಚ್ಚಿರುತ್ತದೆ, ಏಕೆಂದರೆ ಉಳಿದ ಖಾನೆಗಳೂ ಬೌಂಡರಿ ಗುರುತುಗಳೂ ಅದರಲ್ಲಿ ಸೇರಿವೆ.

ಅಪ್‌ಲೋಡ್ ಭಾಗದ ಲೋಡ್ ಮತ್ತು ರಿಕ್ವೆಸ್ಟ್‌ನ ಲೋಡ್ ಎರಡೂ ಬೇರೆ. ಮೊದಲನೆಯದು ಬೈಟ್‌ಗಳು ಹೊರಟವು ಎನ್ನುತ್ತದೆ, ಸರ್ವರ್ ಒಪ್ಪಿತು ಎನ್ನುವುದಿಲ್ಲ. ಪಟ್ಟಿ 100 ಮುಟ್ಟಿದಾಗ "ಕಡತ ಕಳಿಸಿಯಾಯಿತು, ಪರಿಶೀಲನೆ ನಡೆಯುತ್ತಿದೆ" ಎಂದು ಬರಹ ಬದಲಿಸಿ. ಇಲ್ಲದಿದ್ದರೆ 100ರಲ್ಲಿ ನಿಂತ ಪಟ್ಟಿಯನ್ನು ಕಂಡು ಜನ ಪುಟ ರಿಫ್ರೆಶ್ ಮಾಡುತ್ತಾರೆ, ಅರ್ಜಿ ಎರಡಾಗುತ್ತದೆ.

## ಹಂತ 7: ಆರಂಭ ಲೋಡ್‌ಸ್ಟಾರ್ಟ್‌ನಲ್ಲಿ, ಶುಚಿ ಲೋಡ್‌ಎಂಡ್‌ನಲ್ಲಿ

ಚಕ್ರ ತೋರಿಸುವುದು, ಬಟನ್ ಮುಚ್ಚುವುದು ಲೋಡ್‌ಸ್ಟಾರ್ಟ್‌ನಲ್ಲಿರಲಿ. ಚಕ್ರ ತೆಗೆಯುವುದು, ಬಟನ್ ತೆರೆಯುವುದು, ಟೈಮರ್ ನಿಲ್ಲಿಸುವುದು ಲೋಡ್‌ಎಂಡ್‌ನಲ್ಲಿರಲಿ. ಬೇರೆಲ್ಲೂ ಬೇಡ.

ಲೋಡ್ ಲಿಸನರ್‌ನ ಕೊನೆಯ ಸಾಲಿನಲ್ಲಿ ಚಕ್ರ ತೆಗೆಯುವವರು ಬಹಳ. ಮಧ್ಯದ ಸಾಲಿನಲ್ಲಿ ಒಂದು ದೋಷ ಬಿದ್ದರೆ ಕೊನೆಯ ಸಾಲಿಗೆ ಓಟ ತಲುಪುವುದೇ ಇಲ್ಲ. ಲೋಡ್‌ಎಂಡ್ ಬೇರೆ ಈವೆಂಟ್ ಆದ್ದರಿಂದ ಲೋಡ್ ಲಿಸನರ್ ಬಿದ್ದರೂ ಅದು ಬಂದೇ ಬರುತ್ತದೆ. ಹಾಗೆಯೇ ಚಕ್ರವನ್ನು ಓಪನ್‌ಗಿಂತ ಮೊದಲೇ ತೋರಿಸಿದರೆ, ವಿಳಾಸ ಕೆಟ್ಟು ಓಪನ್ ದೋಷ ಎಸೆದಾಗ ರಿಕ್ವೆಸ್ಟೇ ಹೊರಡುವುದಿಲ್ಲ, ಲೋಡ್‌ಎಂಡ್ ಕೂಡ ಇಲ್ಲ. ಲೋಡ್‌ಸ್ಟಾರ್ಟ್ ಸೆಂಡ್‌ನ ಒಳಗೇ ಆಗುವುದರಿಂದ ಎರಡನೆಯ ಕ್ಲಿಕ್‌ಗೆ ಸಂದು ಸಿಗುವುದಿಲ್ಲ.

## ಹಂತ 8: ಹಳೆಯ ಉತ್ತರ, ಇಮ್ಮಡಿ ಲಿಸನರ್

ಒಂದೇ ಎಕ್ಸ್‌ಎಚ್‌ಆರ್ ಆಬ್ಜೆಕ್ಟನ್ನು ಮೇಲೆ ಇಟ್ಟುಕೊಂಡು ಪ್ರತಿ ಕ್ಲಿಕ್‌ಗೂ ಅದನ್ನೇ ಓಪನ್ ಮಾಡುವ ಕೋಡ್‌ನಲ್ಲಿ ಎರಡು ಕೇಡುಗಳಿವೆ. ನಡೆಯುತ್ತಿರುವ ರಿಕ್ವೆಸ್ಟ್ ಮೇಲೆ ಓಪನ್ ಕರೆದರೆ ಮೊದಲನೆಯದು ಸದ್ದಿಲ್ಲದೆ ಸಾಯುತ್ತದೆ, ಅಬಾರ್ಟ್ ಕೂಡ ಬರುವುದಿಲ್ಲ. ಕ್ಲಿಕ್ ಒಳಗೆ ಹೆಸರಿಲ್ಲದ ಫಂಕ್ಷನ್‌ಗಳನ್ನು ಲಿಸನರ್ ಆಗಿ ಹಾಕುತ್ತಿದ್ದರೆ ಹಳೆಯವು ಹಾಗೇ ಉಳಿದು, ಮೂರನೆಯ ಕ್ಲಿಕ್‌ನ ಉತ್ತರಕ್ಕೆ ಮೂರು ಲಿಸನರ್ ಓಡುತ್ತವೆ. ಪಟ್ಟಿಯಲ್ಲಿ ಒಂದೇ ಸಾಲು ಎರಡು, ಮೂರು ಸಲ ಕಾಣುತ್ತಿದ್ದರೆ ಮೊದಲು ಇದನ್ನು ನೋಡಿ.

ಊರಿನ ಹೆಸರು ಹುಡುಕುವ ಖಾನೆಯಲ್ಲಿ ಇನ್ನೊಂದು ತೊಂದರೆ. "ಮೈ" ಎಂದಾಗ ಒಂದು, "ಮೈಸೂ" ಎಂದಾಗ ಇನ್ನೊಂದು ರಿಕ್ವೆಸ್ಟ್ ಹೊರಡುತ್ತದೆ. ಮೊದಲು ಹೋದದ್ದು ಮೊದಲೇ ಬರಬೇಕೆಂದಿಲ್ಲ. ತಡವಾಗಿ ಬಂದ "ಮೈ" ಉತ್ತರ ಹೊಸ ಪಟ್ಟಿಯನ್ನು ಅಳಿಸಿ ಕೂರುತ್ತದೆ. ಪ್ರತಿ ರಿಕ್ವೆಸ್ಟ್‌ಗೂ ಏರುವ ಸಂಖ್ಯೆ ಕೊಡಿ, ಲೋಡ್‌ನಲ್ಲಿ ಅದು ಇತ್ತೀಚಿನದಲ್ಲದಿದ್ದರೆ ಬಿಟ್ಟುಬಿಡಿ, ಹೊಸದು ಹೊರಡುವ ಮೊದಲು ಹಳೆಯದನ್ನು ಅಬಾರ್ಟ್ ಮಾಡಿ. ಕನ್ನಡ ಟೈಪಿಂಗ್‌ನಲ್ಲಿ ಒಂದು ಅಕ್ಷರಕ್ಕೇ ಹಲವು ಇನ್‌ಪುಟ್ ಈವೆಂಟ್ ಬರಬಹುದು, ಹಾಗಾಗಿ ಬೆರಳು ನಿಂತು 300 ಮಿಲಿಸೆಕೆಂಡ್ ಆದ ಮೇಲಷ್ಟೇ ಕಳಿಸಿ.

## ಹಂತ 9: ಮತ್ತೆ ಪ್ರಯತ್ನಿಸುವುದು

ಗೆಟ್ ಆದರೆ ಎರರ್, ಟೈಮ್‌ಔಟ್, 503ಕ್ಕೆ (ಸರ್ವರ್ ಸದ್ಯ ಲಭ್ಯವಿಲ್ಲ) ಮೂರು ಸಲ ತಾನಾಗಿ ಪ್ರಯತ್ನಿಸಬಹುದು: 1, 2, 4 ಸೆಕೆಂಡ್ ಬಿಟ್ಟು, ಜೊತೆಗೆ ಸ್ವಲ್ಪ ಯಾದೃಚ್ಛಿಕ ಅಂತರ ಸೇರಿಸಿ. ಸರ್ವರ್ ರಿಟ್ರೈ-ಆಫ್ಟರ್ ಹೆಡರ್ ಕೊಟ್ಟಿದ್ದರೆ ಅದರ ಮಾತೇ ಕೊನೆ. 422ರಂಥವನ್ನು ಮತ್ತೆ ಕಳಿಸಿ ಫಲವಿಲ್ಲ.

ಪೋಸ್ಟ್ ವಿಷಯ ಬೇರೆ. ಟೈಮ್‌ಔಟ್ ಎಂದರೆ ಉತ್ತರ ತಲುಪಲಿಲ್ಲ ಎಂದಷ್ಟೇ, ಸರ್ವರ್ ಕೆಲಸ ಮಾಡಲಿಲ್ಲ ಎಂದಲ್ಲ. ಅಬಾರ್ಟ್ ಕರೆದರೂ ಆಗಲೇ ತಲುಪಿದ್ದನ್ನು ಹಿಂದಕ್ಕೆ ಕರೆಸಲಾಗದು. ನಮೂನೆ ತೆರೆದಾಗಲೇ ಬ್ರೌಸರ್‌ನ ಕ್ರಿಪ್ಟೊ ರ್ಯಾಂಡಮ್‌ಯುಯುಐಡಿ ಫಂಕ್ಷನ್‌ನಿಂದ ಒಂದು ಅನನ್ಯ ಗುರುತು ಮಾಡಿ, ಪ್ರತಿ ಪ್ರಯತ್ನದಲ್ಲೂ ಅದನ್ನೇ ಕಳಿಸಿ. ಆ ಫಂಕ್ಷನ್ ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಸಿಗುತ್ತದೆ. ಅದೇ ಗುರುತು ಎರಡನೆಯ ಸಲ ಬಂದರೆ ಸರ್ವರ್ ಹೊಸ ಸಾಲು ಮಾಡದೆ ಹಳೆಯ ಅರ್ಜಿ ಸಂಖ್ಯೆಯನ್ನೇ ಕೊಡಬೇಕು. ಈ ಏರ್ಪಾಟು ಇಲ್ಲದ ಕಡೆ ಪೋಸ್ಟನ್ನು ತಾನಾಗಿ ಮರುಕಳಿಸಬೇಡಿ. "ನಿಮ್ಮ ಅರ್ಜಿ ತಲುಪಿದೆಯೇ ಎಂದು ಪಟ್ಟಿಯಲ್ಲಿ ನೋಡಿ" ಎಂದು ಹೇಳಿ.

## ಹಂತ 10: ಪ್ರತಿ ಬಾಗಿಲನ್ನೂ ತಟ್ಟಿ ನೋಡುವುದು

ಆರೂ ಲಿಸನರ್‌ಗಳ ಮೊದಲ ಸಾಲಿನಲ್ಲಿ ಈವೆಂಟ್‌ನ ಹೆಸರು, ಸ್ಟೇಟಸ್, ಸಮಯವನ್ನು ಕನ್ಸೋಲ್‌ಗೆ ಬರೆಯಿರಿ. ನಾಲ್ಕು ಪರೀಕ್ಷಾ ವಿಳಾಸಗಳಿಗೂ ಒಂದೊಂದು ಸಲ ಕಳಿಸಿ, 20 ಸೆಕೆಂಡ್ ತಡಮಾಡುವ ವಿಳಾಸಕ್ಕೆ 5000ದ ಗಡುವು ಹಾಕಿ. ಆಮೇಲೆ ನೆಟ್‌ವರ್ಕ್ ಪಟ್ಟಿಯಲ್ಲಿ ಆಫ್‌ಲೈನ್ ಆರಿಸಿ ಕಳಿಸಿ. ವೇಗ ಇಳಿಸಿ, ದೊಡ್ಡ ಕಡತ ಹೊರಟ ಅರ್ಧದಲ್ಲಿ ರದ್ದು ಒತ್ತಿ. ಲೋಕಲ್ ಸರ್ವರ್‌ಗೆ ಚಿಕ್ಕ ಕಡತ ಕಳಿಸಿದರೆ ಪಟ್ಟಿ ಒಂದೇ ನೆಗೆತಕ್ಕೆ 100 ಮುಟ್ಟುವುದರಿಂದ ಅದು ಪರೀಕ್ಷೆಯಲ್ಲ.

ಪ್ರತಿ ಸಲವೂ ಕನ್ಸೋಲ್‌ನಲ್ಲಿ ಒಂದು ಲೋಡ್‌ಸ್ಟಾರ್ಟ್, ನಾಲ್ಕು ಬಾಗಿಲಲ್ಲಿ ಒಂದು, ಒಂದು ಲೋಡ್‌ಎಂಡ್ ಇರಬೇಕು. ಲೋಡ್‌ಎಂಡ್ ಎರಡಿದ್ದರೆ ಹಂತ 8ಕ್ಕೆ ಹೋಗಿ. ಲೋಡ್‌ಎಂಡ್ ಇಲ್ಲದೆ ನೆಟ್‌ವರ್ಕ್ ಪಟ್ಟಿಯಲ್ಲಿ ಸಾಲು ಪೆಂಡಿಂಗ್ ಎಂದು ನಿಂತಿದ್ದರೆ ಹಂತ 5ಕ್ಕೆ. ಎಲ್ಲ ಸಾಲುಗಳೂ ಸರಿಯಿದ್ದು ಚಕ್ರ ಮಾತ್ರ ತಿರುಗುತ್ತಿದ್ದರೆ, ಅದನ್ನು ತೋರಿಸುವ ಇನ್ನೊಂದು ಸಾಲು ಲೋಡ್‌ಸ್ಟಾರ್ಟ್‌ನ ಹೊರಗೆ ಎಲ್ಲೋ ಉಳಿದುಕೊಂಡಿದೆ, ಹುಡುಕಿ ತೆಗೆಯಿರಿ.